ತಲೆನೋವಿನ ಲೆಕ್ಕ ಬರೆಯುವವರು

ಅಮೆರಿಕದ ಯಾವುದೋ ಊರಿನ ಆಸ್ಪತ್ರೆ ಎಂದುಕೊಳ್ಳಿ. ಮೂವತ್ತನಾಲ್ಕು ವರ್ಷದ ಮಹಿಳೆಯೊಬ್ಬರು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದಿದ್ದಾರೆ. ಮೂರು ದಿನದಿಂದ ಬಿಡದ ತಲೆನೋವು, ಹೊಟ್ಟೆ ತೊಳಸು, ಎರಡು ಸಲ ವಾಂತಿ, ಬೆಳಕು ಕಂಡರಾಗದು. ವೈದ್ಯರು ಪರೀಕ್ಷಿಸಿ, ಡ್ರಿಪ್ ಹಾಕಿ, ನೋವು ಇಳಿದ ಮೇಲೆ ಮನೆಗೆ ಕಳಿಸುತ್ತಾರೆ. ಟಿಪ್ಪಣಿಯ ಕೊನೆಗೆ ಅವರು ಬರೆದದ್ದು ಇಷ್ಟು: ‘ತಲೆನೋವು, ಬಹುಶಃ ಮೈಗ್ರೇನ್.’ ಮೇಲೆಲ್ಲೋ ‘ಮೈಗ್ರೇನ್ ಹಿಸ್ಟರಿ ಇದೆ’ ಎಂಬ ಸಾಲೂ ಇದೆ. ಅಲ್ಲಿ ರಾತ್ರಿಯಾಗಿ ಅವರು ಮಲಗಿರುವ ಹೊತ್ತಿಗೆ ಬೆಂಗಳೂರಿನಲ್ಲಿ ಬೆಳಗಾಗಿರುತ್ತದೆ. ಬಿ.ಫಾರ್ಮ ಮುಗಿಸಿ ಮೆಡಿಕಲ್ ಕೋಡರ್ ಆಗಿರುವ ಹುಡುಗಿಯೊಬ್ಬಳು ಆ ಚಾರ್ಟನ್ನು ತೆರೆಯುತ್ತಾಳೆ. ಆ ನೋವಿಗೆ ಅವಳು ಈಗ ಕಾಯಿಲೆಗಳ ಅಧಿಕೃತ ಪಟ್ಟಿಯಿಂದ ಒಂದು ಕೋಡ್ ಹಚ್ಚಬೇಕು.

ಚಾರ್ಟ್ ಕಲ್ಪಿತ. ಆದರೆ ಇಂಥದು ದಿನವೂ ಬರುತ್ತದೆ, ಮತ್ತು ಪ್ರತಿ ಸಲವೂ ಮೊದಲು ಹುಟ್ಟುವ ಆಸೆ ‘ಮೈಗ್ರೇನ್’ ಎಂದು ಬರೆದುಬಿಡುವುದು. ಲಕ್ಷಣಗಳೆಲ್ಲ ಅದನ್ನೇ ಹೇಳುತ್ತಿವೆಯಲ್ಲ? ಮೂರು ದಿನವೆಂದರೆ 72 ಗಂಟೆ. 72 ಗಂಟೆ ದಾಟಿದ ಮೈಗ್ರೇನ್‌ಗೆ ‘ಸ್ಟೇಟಸ್ ಮೈಗ್ರೇನೋಸಸ್’ ಎಂಬ ಹೆಸರಿದೆ, ಅದಕ್ಕೆ ಬೇರೆ ಕೋಡ್ ಇದೆ ಎಂಬುದೂ ಅವಳಿಗೆ ಗೊತ್ತು. ಆದರೂ ಸರಿಯಾದ ಉತ್ತರ ಆರ್51.9. ಅಂದರೆ ‘ತಲೆನೋವು, ಯಾವ ಬಗೆಯದೆಂದು ತಿಳಿಸಿಲ್ಲ’. ಜೊತೆಗೆ ವಾಕರಿಕೆ-ವಾಂತಿಗೆ ಆರ್11.2. ಹೊರರೋಗಿಗಳ ವಿಷಯದಲ್ಲಿ ಅಮೆರಿಕದ ಕೋಡಿಂಗ್ ಮಾರ್ಗಸೂಚಿ ಖಡಾಖಂಡಿತವಾಗಿದೆ. ವೈದ್ಯರು ‘ಬಹುಶಃ’, ‘ಶಂಕೆಯಿದೆ’, ‘ಇದಕ್ಕೆ ಹೊಂದುತ್ತದೆ’, ‘ಇದಲ್ಲವೆಂದು ಖಚಿತಪಡಿಸಿಕೊಳ್ಳಬೇಕು’ ಎಂದು ಬರೆದ ಕಾಯಿಲೆಯನ್ನು ಕೋಡ್ ಮಾಡುವಂತಿಲ್ಲ. ಖಚಿತವಾಗಿ ಗೊತ್ತಿರುವ ಲಕ್ಷಣವನ್ನಷ್ಟೇ ಬರೆಯಬೇಕು. ತುರ್ತು ವಿಭಾಗಕ್ಕೆ ಬಂದು ಅಲ್ಲಿಂದಲೇ ಮನೆಗೆ ಹೋದವರೂ ಹೊರರೋಗಿಗಳೇ.

ಇದೇ ಮಹಿಳೆ ವಾರ್ಡಿಗೆ ದಾಖಲಾಗಿ, ಎರಡು ದಿನವಿದ್ದು, ಬಿಡುಗಡೆಯ ಪತ್ರದಲ್ಲಿ ಅದೇ ‘ಬಹುಶಃ ಮೈಗ್ರೇನ್’ ಉಳಿದಿದ್ದರೆ ನಿಯಮ ತಿರುಗುತ್ತದೆ. ಒಳರೋಗಿಯ ವಿಷಯದಲ್ಲಿ, ಬಿಡುಗಡೆಯ ಹೊತ್ತಿಗೂ ಉಳಿದ ಶಂಕೆಯನ್ನು ಕಾಯಿಲೆ ಇದೆ ಎಂದೇ ಎಣಿಸಿ ಕೋಡ್ ಹಾಕಬೇಕು. ಆಸ್ಪತ್ರೆ ಆ ಕಾಯಿಲೆ ಇದೆಯೆಂಬ ಲೆಕ್ಕದಲ್ಲೇ ಪರೀಕ್ಷೆ ಮಾಡಿಸಿದೆ, ಔಷಧ ಕೊಟ್ಟಿದೆ, ಹಾಸಿಗೆ ಕೊಟ್ಟಿದೆ ಎಂಬುದು ಅದರ ಹಿಂದಿನ ತರ್ಕ. ಒಂದೇ ತಲೆ, ಒಂದೇ ನೋವು, ಒಂದೇ ವಾಕ್ಯ; ರೋಗಿ ಮಲಗಿದ್ದು ಎಲ್ಲಿ ಎಂಬುದರ ಮೇಲೆ ಕೋಡ್ ಬೇರೆ. ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಎಡವುವ ಜಾಗಗಳಲ್ಲಿ ಇದೂ ಒಂದು.

ಇನ್ನು ಆ ‘ಹಿಸ್ಟರಿ’. ಅಮೆರಿಕದ ವೈದ್ಯರು ಈ ಪದವನ್ನು ಎರಡು ಅರ್ಥದಲ್ಲಿ ಬಳಸುತ್ತಾರೆ. ಹಿಂದೆಂದೋ ಇದ್ದು ಈಗ ವಾಸಿಯಾದದ್ದಕ್ಕೂ ಅದೇ, ಹಲವು ವರ್ಷಗಳಿಂದ ಇದ್ದು ಇಂದಿಗೂ ಕಾಡುತ್ತಿರುವುದಕ್ಕೂ ಅದೇ. ಕೋಡ್ ಪುಸ್ತಕಕ್ಕೆ ಇವೆರಡೂ ಬೇರೆ ಬೇರೆ. ವಾಸಿಯಾದ ನರಸಂಬಂಧಿ ಕಾಯಿಲೆಗೆ ಝಡ್86.69, ಈಗಲೂ ಇರುವ ಮೈಗ್ರೇನ್‌ಗೆ ಜಿ43ರ ಸಾಲು. ಯಾವುದೆಂದು ಊಹಿಸುವ ಅಧಿಕಾರ ಕೋಡರ್‌ಗೆ ಇಲ್ಲ. ಕೇಳಬೇಕು.

ಈ ಕೆಲಸದಲ್ಲಿ ನಿಖರತೆ ಎಂದರೆ ಇರುವುದರಲ್ಲೇ ಅತ್ಯಂತ ಉದ್ದನೆಯ, ವಿವರವಾದ ಕೋಡನ್ನು ಆರಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ನಂಬಿಕೆ ಬೇರೆ. ವೈದ್ಯರಿಗೆ ಆ ದಿನ ಎಷ್ಟು ಗೊತ್ತಾಗಿತ್ತೋ ಅಷ್ಟನ್ನು ಮಾತ್ರ, ಆದರೆ ಅಷ್ಟನ್ನೂ ಪೂರ್ತಿಯಾಗಿ, ಬರೆಯುವುದೇ ನಿಖರತೆ. ಒಂದು ಅಂಕಿ ಹೆಚ್ಚಾದರೂ ಸುಳ್ಳು, ಒಂದು ಅಂಕಿ ಕಡಿಮೆಯಾದರೂ ರೋಗಿಗೆ ನಷ್ಟ. ತಲೆನೋವಿನಲ್ಲಿ ಈ ಗೆರೆಯ ಮೇಲೆ ನಡೆಯುವುದು ಬೇರೆ ಕಾಯಿಲೆಗಳಿಗಿಂತ ಕಷ್ಟ.

ಏಕೆಂದರೆ ಇಲ್ಲಿ ತೋರಿಸಲು ಏನೂ ಇರುವುದಿಲ್ಲ. ಸಕ್ಕರೆ ಕಾಯಿಲೆಗೆ ರಕ್ತದ ವರದಿಯಿದೆ, ಮುರಿದ ಮೂಳೆಗೆ ಎಕ್ಸ್‌ರೇ ಇದೆ. ಮೈಗ್ರೇನ್ ಇರುವವರ ಎಂಆರ್‌ಐ ಸಾಮಾನ್ಯವಾಗಿ ಶುದ್ಧವಾಗಿಯೇ ಬರುತ್ತದೆ. ರೋಗಿ ಹೇಳಿದ್ದು, ವೈದ್ಯರು ಕೇಳಿಸಿಕೊಂಡದ್ದು, ಇಷ್ಟೇ ಸಾಕ್ಷ್ಯ. ಆ ಕೇಳುವಿಕೆಗೆ ಒಂದು ಶಿಸ್ತು ತರಲೆಂದೇ ಅಂತರರಾಷ್ಟ್ರೀಯ ತಲೆನೋವು ಸೊಸೈಟಿ 1988ರಲ್ಲಿ ಮೊದಲ ವರ್ಗೀಕರಣವನ್ನು ಹೊರತಂದಿತು. ಅದರ ಮೂರನೆಯ ಆವೃತ್ತಿ 2018ರದು. ಅದರ ಪ್ರಕಾರ ಆರಾ (ಕಣ್ಣ ಮುಂದೆ ಮಿಂಚಿನ ಗೆರೆಗಳು ಕಾಣುವಂಥ ಸೂಚನೆ) ಇಲ್ಲದ ಮೈಗ್ರೇನ್ ಎನ್ನಲು ಕನಿಷ್ಠ ಐದು ಸಲ ನೋವು ಬಂದಿರಬೇಕು. ಚಿಕಿತ್ಸೆ ಕೊಡದಿದ್ದರೆ 4ರಿಂದ 72 ಗಂಟೆ ಇರಬೇಕು. ಒಂದೇ ಬದಿ, ನಾಡಿ ಬಡಿದಂತೆ ಬಡಿಯುವುದು, ಮಧ್ಯಮ ಅಥವಾ ತೀವ್ರ ನೋವು, ಮೆಟ್ಟಿಲು ಹತ್ತಿದರೂ ಹೆಚ್ಚಾಗುವುದು ಎಂಬ ನಾಲ್ಕರಲ್ಲಿ ಎರಡಾದರೂ ಇರಬೇಕು. ಜೊತೆಗೆ ವಾಕರಿಕೆ ಅಥವಾ ವಾಂತಿ, ಇಲ್ಲವೇ ಬೆಳಕು ಮತ್ತು ಶಬ್ದ ಎರಡೂ ಆಗದಿರುವುದು. ತಲೆ ಹಿಂಡಿದಂತಾಗುವ ಟೆನ್ಷನ್ ಬಗೆಯ ನೋವು ಅರ್ಧ ಗಂಟೆಯಿಂದ ಏಳು ದಿನದವರೆಗೂ ಇರಬಹುದು. ಕಣ್ಣಿನ ಸುತ್ತ ಚೂರಿ ಹಾಕಿದಂತೆ ಬರುವ ಕ್ಲಸ್ಟರ್ ನೋವು 15 ನಿಮಿಷದಿಂದ ಮೂರು ಗಂಟೆ ಇದ್ದು ಹೋಗುತ್ತದೆ, ಕೆಲವರಿಗೆ ದಿನಕ್ಕೆ ಎಂಟು ಸಲದವರೆಗೂ ಮರಳುತ್ತದೆ. ಎಲ್ಲವೂ ಗಡಿಯಾರದ, ಕ್ಯಾಲೆಂಡರಿನ ಪ್ರಶ್ನೆಗಳು. ಇವನ್ನು ಕೇಳದೆ ಹೋದರೆ ಟಿಪ್ಪಣಿಯಲ್ಲಿ ‘ತಲೆನೋವು’ ಎಂಬ ಒಂದೇ ಪದ ಉಳಿಯುತ್ತದೆ. ಆಮೇಲೆ ಜಗತ್ತಿನ ಯಾವ ಕೋಡರ್ ಕೂಡ ಅದರಿಂದ ಹೆಚ್ಚಿನದನ್ನು ತೆಗೆಯಲಾರ.

ಕಾಯಿಲೆಗಳನ್ನು ಪಟ್ಟಿ ಮಾಡುವ ಈ ಪರಂಪರೆ ಶುರುವಾದದ್ದು ಸಾವಿನ ಲೆಕ್ಕದಿಂದ. ಫ್ರಾನ್ಸಿನ ಜಾಕ್ ಬೆರ್ಟಿಯೋ 1893ರಲ್ಲಿ ಷಿಕಾಗೋದಲ್ಲಿ ಮಂಡಿಸಿದ್ದು ಸಾವಿನ ಕಾರಣಗಳ ಪಟ್ಟಿ. 1948ರ ಆರನೆಯ ಪರಿಷ್ಕರಣೆಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವಹಿಸಿಕೊಂಡಾಗ, ಕೊಲ್ಲದೆ ಕಾಡುವ ಕಾಯಿಲೆಗಳಿಗೂ ಅದರೊಳಗೆ ಜಾಗವಾಯಿತು. ತಲೆನೋವು ಕೊಲ್ಲುವುದು ಅಪರೂಪ. ಕಾಡುವುದು ಮಾತ್ರ ಅಗಾಧ. 2016ರ ಜಾಗತಿಕ ರೋಗಹೊರೆ ಅಧ್ಯಯನದ ಅಂದಾಜಿನಲ್ಲಿ ಟೆನ್ಷನ್ ಬಗೆಯ ತಲೆನೋವು 189 ಕೋಟಿ ಜನಕ್ಕಿತ್ತು, ಮೈಗ್ರೇನ್ 104 ಕೋಟಿ ಜನಕ್ಕೆ. ಮನುಷ್ಯರ ಬದುಕಿನ ವರ್ಷಗಳನ್ನು ಅಸಾಮರ್ಥ್ಯದಲ್ಲಿ ಕಳೆಯುವಂತೆ ಮಾಡುವ ಕಾಯಿಲೆಗಳ ಸಾಲಿನಲ್ಲಿ ಆಗ ಮೈಗ್ರೇನ್ ಎರಡನೆಯದಾಗಿತ್ತು.

ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯನ್ನು ತನ್ನ ಅಗತ್ಯಕ್ಕೆ ಹಿಗ್ಗಿಸಿಕೊಂಡು ಐಸಿಡಿ-10-ಸಿಎಂ ಎಂಬ ರೂಪದಲ್ಲಿ 2015ರ ಅಕ್ಟೋಬರ್ 1ರಿಂದ ಬಳಸುತ್ತಿದೆ. ಅದಕ್ಕೂ ಹಿಂದಿನ ಒಂಬತ್ತನೆಯ ಆವೃತ್ತಿಯಲ್ಲಿ ಸುಮಾರು 14,000 ಕೋಡ್‌ಗಳಿದ್ದವು. ಇದರಲ್ಲಿ 70,000ದ ಆಸುಪಾಸು. ಇದರ ಒಂದೊಂದು ಅಕ್ಷರವೂ ನಮ್ಮ ಪಿನ್ ಕೋಡಿನ ಅಂಕಿಗಳ ಹಾಗೆ, ದೊಡ್ಡ ಪ್ರದೇಶದಿಂದ ಹಿಡಿದು ಬಡಾವಣೆಯ ಅಂಚೆ ಕಚೇರಿಯವರೆಗೆ ಕರೆದೊಯ್ಯುತ್ತದೆ. ಜಿ43.719 ಎಂಬುದನ್ನೇ ನೋಡಿ. ಜಿ ಎಂದರೆ ನರಮಂಡಲದ ಕಾಯಿಲೆ. 43 ಎಂದರೆ ಮೈಗ್ರೇನ್. ಚುಕ್ಕೆಯ ನಂತರದ 7, ಇದು ಆರಾ ಇಲ್ಲದ ದೀರ್ಘಕಾಲಿಕ ಮೈಗ್ರೇನ್ ಎನ್ನುತ್ತದೆ. ಮುಂದಿನ 1, ಚಿಕಿತ್ಸೆಗೆ ಬಗ್ಗದ್ದು. ಕೊನೆಯ 9, ಸ್ಟೇಟಸ್ ಮೈಗ್ರೇನೋಸಸ್ ಇಲ್ಲ. ಒಂದು ಕೋಡ್ ಪೂರ್ತಿಯಾಗಬೇಕಾದರೆ ವೈದ್ಯರು ಇಷ್ಟೂ ಪ್ರಶ್ನೆಗಳಿಗೆ ಉತ್ತರ ಬರೆದಿರಬೇಕು. ಬರೀ ‘ಮೈಗ್ರೇನ್’ ಎಂದು ಬರೆದು ಬಿಟ್ಟರೆ ಅದು ಜಿ43.909 ಆಗುತ್ತದೆ: ಬಗೆ ಗೊತ್ತಿಲ್ಲದ, ಬಗ್ಗದ್ದೆಂದು ಹೇಳಿಲ್ಲದ ಮೈಗ್ರೇನ್.

‘ಬಗ್ಗದ್ದು’ ಎಂಬ ಆ ಅಂಕಿಯ ಮೇಲೆ ಸ್ವಲ್ಪ ನಿಲ್ಲಬೇಕು. ನೋವು ಎಷ್ಟೇ ತೀವ್ರವಾಗಿದ್ದರೂ ‘ಸಿವಿಯರ್’ ಎಂಬ ಪದ ಈ ಅಂಕಿಯನ್ನು ಬದಲಿಸುವುದಿಲ್ಲ. ಔಷಧಕ್ಕೆ ಪ್ರತಿರೋಧ ತೋರುತ್ತಿದೆ, ಚಿಕಿತ್ಸೆಗೆ ಜಗ್ಗುತ್ತಿಲ್ಲ, ರಿಫ್ರ್ಯಾಕ್ಟರಿ, ಅಥವಾ ಸರಿಯಾಗಿ ಹತೋಟಿಗೆ ಬಂದಿಲ್ಲ ಎಂದು ಬರೆದಿದ್ದರೆ ಮಾತ್ರ ಅದನ್ನು ಬಗ್ಗದ್ದೆಂದು ಎಣಿಸಬಹುದು. ಈ ಪದಗಳನ್ನು ಕೋಡ್ ಪುಸ್ತಕವೇ ಸಮಾನವೆಂದು ಹೇಳಿಟ್ಟಿದೆ. ನೋವಿನಿಂದ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿರುವವರ ಚಾರ್ಟಿನಲ್ಲಿ 0 ಇರಬಹುದು. ನೋವು ಸಾಧಾರಣವಾಗಿದ್ದು, ಮೂರು ಔಷಧ ಬದಲಿಸಿದರೂ ಹತೋಟಿಗೆ ಸಿಗದವರದ್ದರಲ್ಲಿ 1 ಇರಬಹುದು. ಮೊದಲ ನೋಟಕ್ಕೆ ಅನ್ಯಾಯದಂತೆ ಕಾಣುತ್ತದೆ. ಆದರೆ ಆ ಅಂಕಿ ಕೇಳುತ್ತಿರುವುದು ನೋವಿನ ಪ್ರಮಾಣವನ್ನಲ್ಲ, ಈವರೆಗಿನ ಚಿಕಿತ್ಸೆ ಫಲಿಸಿತೇ ಎಂಬುದನ್ನು. ಮುಂದಿನ ಔಷಧ ಯಾವುದೆಂದು ನಿರ್ಧರಿಸಲು ಬೇಕಾಗಿರುವುದು ಅದೇ.

ಪುಸ್ತಕ ನಿಂತಲ್ಲಿ ನಿಲ್ಲುವುದೂ ಇಲ್ಲ. ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ಹೊಸ ಪಟ್ಟಿ ಜಾರಿಗೆ ಬರುತ್ತದೆ. 2020ರಲ್ಲಿ ಹಳೆಯ ಆರ್51 ಒಡೆದು ಎರಡಾಯಿತು: ಎದ್ದು ನಿಂತಾಗ ಹೆಚ್ಚಾಗುವ ತಲೆನೋವಿಗೆ ಆರ್51.0, ಉಳಿದದ್ದಕ್ಕೆ ಆರ್51.9. ಅಂದಿನಿಂದ ಬರೀ ಆರ್51 ಎಂದು ಕಳಿಸಿದ ವಿಮಾ ಕ್ಲೇಮ್ ಅಪೂರ್ಣವೆಂದು ವಾಪಸಾಗುತ್ತದೆ. 2021ರಲ್ಲಿ ಕುತ್ತಿಗೆಯಿಂದ ಹುಟ್ಟುವ ತಲೆನೋವಿಗೆ ಜಿ44.86 ಸಿಕ್ಕಿತು. 2023ರಲ್ಲಿ, ಆರಾ ಇರುವ ದೀರ್ಘಕಾಲಿಕ ಮೈಗ್ರೇನ್‌ಗೆ ಜಿ43.ಇ ಎಂಬ ಸಾಲು ಬಂತು. ಅದುವರೆಗೆ ಕಣ್ಣ ಮುಂದೆ ಮಿಂಚಿನ ಗೆರೆಗಳು ಕಂಡು, ತಿಂಗಳಲ್ಲಿ ಹದಿನೈದು ದಿನಕ್ಕೂ ಮಿಕ್ಕಿ ನೋವು ಅನುಭವಿಸುತ್ತಿದ್ದವರಿಗೆ ಈ ಪಟ್ಟಿಯಲ್ಲಿ ತಮ್ಮದೇ ಆದ ಮನೆ ಇರಲಿಲ್ಲ. ಕಾಯಿಲೆ ಹೊಸದಲ್ಲ, ಅದನ್ನು ಗುರುತಿಸಲು ಪಟ್ಟಿ ತಡಮಾಡಿತು.

ತಡವಾದ ಇನ್ನೊಂದು ನ್ಯಾಯವನ್ನೂ ಹೇಳಬೇಕು. ಒಂಬತ್ತನೆಯ ಆವೃತ್ತಿಯಲ್ಲಿ ವೈದ್ಯರು ‘ಟೆನ್ಷನ್ ತಲೆನೋವು’ ಎಂದಷ್ಟೇ ಬರೆದರೆ ಅದಕ್ಕೆ ಸಿಗುತ್ತಿದ್ದ ಕೋಡ್ 307.81. ಅದು ಇದ್ದದ್ದು ಮನೋರೋಗಗಳ ಅಧ್ಯಾಯದಲ್ಲಿ. 2008ರಲ್ಲಿ ಇತರ ತಲೆನೋವುಗಳಿಗೆ ನರರೋಗದ ಅಧ್ಯಾಯದಲ್ಲಿ 339 ಎಂಬ ಹೊಸ ಸಾಲು ಬಂದ ಮೇಲೂ 307.81 ಅಲ್ಲೇ ಉಳಿಯಿತು. 2015ರ ಬದಲಾವಣೆಯೊಂದಿಗೆ ಅದೇ ನೋವು ಜಿ44.2 ಆಗಿ ಮೈಗ್ರೇನಿನ ಪಕ್ಕದ ಸಾಲಿಗೆ ಬಂತು. ‘ಎಲ್ಲಾ ನಿನ್ನ ಮನಸ್ಸಿನಲ್ಲೇ ಇರೋದು’ ಎಂದು ಮನೆಯವರಿಂದ ಕೇಳಿ ಕೇಳಿ ಸೋತವರು ಎಷ್ಟೋ ಜನ. ಆ ಮಾತಿಗೆ ಒಂದು ದೇಶದ ಅಧಿಕೃತ ಪುಸ್ತಕದ ಮುದ್ರೆಯೂ ಇತ್ತು ಎಂದು ನೆನೆದರೆ ಸಂಕಟವಾಗುತ್ತದೆ.

ಇಷ್ಟೊಂದು ಅಂಕಿಗಳ ಹಿಂದೆ ಹಣವಿದೆ, ಅದನ್ನು ಮರೆಮಾಚಬೇಕಾಗಿಲ್ಲ. ದೀರ್ಘಕಾಲಿಕ ಮೈಗ್ರೇನ್‌ಗೆ ಬೊಟಾಕ್ಸ್ ಬಳಕೆಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2010ರಲ್ಲಿ: ತಲೆ, ಹಣೆ, ಕುತ್ತಿಗೆಯ 31 ಕಡೆ, ಒಟ್ಟು 155 ಯೂನಿಟ್, ಹನ್ನೆರಡು ವಾರಕ್ಕೊಮ್ಮೆ. ಮೈಗ್ರೇನ್ ತಡೆಯಲೆಂದೇ ರೂಪಿಸಿದ ಪ್ರತಿಕಾಯ ಚುಚ್ಚುಮದ್ದುಗಳಲ್ಲಿ ಮೊದಲನೆಯದಾದ ಎರೆನುಮ್ಯಾಬ್ ಬಂದದ್ದು 2018ರಲ್ಲಿ. ಇವು ದುಬಾರಿ. ವಿಮಾ ಕಂಪನಿಯಿಂದ ಮೊದಲೇ ಅನುಮತಿ ಪಡೆಯಬೇಕಾಗುತ್ತದೆ. ಆ ಅರ್ಜಿಯ ಮೇಲೆ ಆರ್51.9 ಎಂದಿದ್ದರೆ ಬೊಟಾಕ್ಸ್ ಸಿಗುವುದಿಲ್ಲ. ಜಿ43.709 ಅಥವಾ ಜಿ43.719ರಂಥ ದೀರ್ಘಕಾಲಿಕ ಮೈಗ್ರೇನಿನ ಕೋಡ್ ಬೇಕು. ಅದಕ್ಕೆ ಆಧಾರವಾಗಿ, ಮೂರು ತಿಂಗಳಿಗೂ ಹೆಚ್ಚು ಕಾಲ ತಿಂಗಳಿಗೆ ಕನಿಷ್ಠ 15 ದಿನ ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನಿನ ಲಕ್ಷಣ ಎಂಬುದು ಟಿಪ್ಪಣಿಯಲ್ಲಿ ಇರಬೇಕು.

ತಿಂಗಳಿಗೆ ಹತ್ತು ದಿನ ನರಳುವವರಿಗೆ ಏನು ಮಾಡುವುದು? ‘ದೀರ್ಘಕಾಲಿಕ’ ಎಂದು ಬರೆದುಬಿಟ್ಟರೆ ಔಷಧ ಸಿಗುತ್ತದಲ್ಲ ಎಂಬ ಒತ್ತಡ ಕ್ಲಿನಿಕ್ಕಿನಿಂದಲೂ ಬರಬಹುದು, ರೋಗಿಯಿಂದಲೂ ಬರಬಹುದು. ಅದರಲ್ಲಿ ಕರುಣೆಯೂ ಇರಬಹುದು. ಆದರೂ ಅದು ಸಲ್ಲದು. ಸರ್ಕಾರಿ ವಿಮೆಗೆ ಸುಳ್ಳು ಬಿಲ್ಲು ಕಳಿಸಿದವರನ್ನು ಅಮೆರಿಕ ಇಂದಿಗೂ ಹಿಡಿಯುವುದು ಅಂತರ್ಯುದ್ಧದ ಕಾಲದಲ್ಲಿ, 1863ರಲ್ಲಿ, ಮಾಡಿದ ಫಾಲ್ಸ್ ಕ್ಲೇಮ್ಸ್ ಕಾಯ್ದೆಯ ಅಡಿಯಲ್ಲಿ. ಕಾನೂನಿನ ಭಯ ಪಕ್ಕಕ್ಕಿರಲಿ. ಒಮ್ಮೆ ಹತ್ತಿದ ಕೋಡ್ ಸುಲಭಕ್ಕೆ ಇಳಿಯುವುದಿಲ್ಲ. ಮುಂದಿನ ವೈದ್ಯರು, ಮುಂದಿನ ವಿಮೆ, ಅಸಾಮರ್ಥ್ಯದ ಅರ್ಜಿ ನೋಡುವ ಅಧಿಕಾರಿ, ಎಲ್ಲರೂ ಆ ಅಂಕಿಯನ್ನೇ ಓದುತ್ತಾರೆ. ರೋಗಿಯನ್ನು ಕಣ್ಣಾರೆ ಕಾಣದವರಿಗೆ ಆ ಅಂಕಿಯೇ ರೋಗಿ. ಅವಸರದಲ್ಲಿ ಎಲ್ಲದಕ್ಕೂ ಆರ್51.9 ಎಂದು ಒತ್ತುತ್ತ ಹೋಗುವುದು ಇದರ ಇನ್ನೊಂದು ತುದಿ. ವೈದ್ಯರು ಆರಾ ಇದೆ, ಔಷಧಕ್ಕೆ ಬಗ್ಗುತ್ತಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರೂ ಅದನ್ನು ಓದದೆ ‘ತಲೆನೋವು’ ಎಂದು ಕಳಿಸಿದರೆ, ಸಿಗಬೇಕಾದ ಚಿಕಿತ್ಸೆಗೆ ರೋಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಇದನ್ನು ಎಚ್ಚರಿಕೆ ಎಂದು ಕರೆಯಲಾರೆ, ನಿರ್ಲಕ್ಷ್ಯ ಎನ್ನಬೇಕು.

ಕ್ಲಸ್ಟರ್ ನೋವಿನಲ್ಲಿ ಈ ನಿರ್ಲಕ್ಷ್ಯದ ಬೆಲೆ ಇನ್ನೂ ಹೆಚ್ಚು. ಅದಕ್ಕೆ ಮಾಸ್ಕ್ ಮೂಲಕ ಕೊಡುವ ಶುದ್ಧ ಆಮ್ಲಜನಕ ನಿಮಿಷಗಳಲ್ಲಿ ಆರಾಮ ಕೊಡಬಲ್ಲದು. ಮೈಗ್ರೇನ್ ಎಂದು ಬರೆದಿದ್ದರೆ ಆ ಸಿಲಿಂಡರ್ ಮನೆಗೆ ಬರುವುದು ಕಷ್ಟ. ಹಾಗೆಯೇ ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾಗುವ ನೋವು. ಬೈಕಿನಿಂದ ಬಿದ್ದವರಿಗೆ, ಮೆಟ್ಟಿಲಿನಿಂದ ಜಾರಿದ ಹಿರಿಯರಿಗೆ ಬರುವಂಥದು. ಅದಕ್ಕೆ ಜಿ44.3ರ ಸಾಲಿದೆ, ಮೂರು ತಿಂಗಳೊಳಗೆ ಇಳಿದರೆ ಒಂದು ಬಗೆ, ದಾಟಿದರೆ ಇನ್ನೊಂದು. ಪೆಟ್ಟು ಬಿದ್ದ ದಿನಾಂಕವನ್ನು ವೈದ್ಯರು ಬರೆಯದಿದ್ದರೆ ಈ ಭೇದ ಮಾಡುವುದು ಯಾರಿಗೂ ಸಾಧ್ಯವಿಲ್ಲ.

ಹೆರಿಗೆಯಾದ ತಾಯಂದಿರ ತಲೆನೋವು ನನಗೆ ವಿಶೇಷವಾಗಿ ಮುಖ್ಯ ಎನಿಸುತ್ತದೆ. ಸಿಸೇರಿಯನ್‌ಗೆಂದು ಬೆನ್ನಿಗೆ ಸೂಜಿ ಕೊಟ್ಟ ಒಂದೆರಡು ದಿನಕ್ಕೆ, ಮಲಗಿದರೆ ಇಳಿದು ಎದ್ದು ಕೂತರೆ ಸಿಡಿಯುವ ನೋವು ಕೆಲವರಿಗೆ ಬರುತ್ತದೆ. ಕೂಸಿಗೆ ಹಾಲೂಡಿಸಲು ಕೂರಲಾಗುವುದಿಲ್ಲ. ಸೂಜಿ ಹೋದ ಜಾಗದಿಂದ ಮಿದುಳು-ಬೆನ್ನುಹುರಿಯ ದ್ರವ ಜಿನುಗುವುದೇ ಕಾರಣ. ಬೇರೆ ಯಾರಿಗಾದರೂ ಸೊಂಟದ ಸೂಜಿಯ ನಂತರ ಈ ನೋವು ಬಂದರೆ ಕೋಡ್ ಜಿ97.1. ಬಾಣಂತಿಗೆ ಅರಿವಳಿಕೆಯಿಂದ ಬಂದರೆ ಓ89.4. ಗರ್ಭಿಣಿ-ಬಾಣಂತಿಯರ ಅಧ್ಯಾಯಕ್ಕೆ ಬೇರೆ ಎಲ್ಲ ಅಧ್ಯಾಯಗಳಿಗಿಂತ ಮೊದಲ ಸ್ಥಾನ ಎಂಬ ನಿಯಮವಿದೆ. ಗರ್ಭಿಣಿಗೆ ಮೈಗ್ರೇನ್ ಬಂದರೂ ಮೊದಲು ಬರೆಯಬೇಕಾದದ್ದು ಓ99.35ರ ಸಾಲು, ಎಷ್ಟನೆಯ ತ್ರೈಮಾಸಿಕ ಎಂಬುದರೊಂದಿಗೆ. ಜಿ43 ಅದರ ಹಿಂದೆ. ಈ ನಿಯಮದಿಂದಾಗಿ ತಾಯಂದಿರ ತೊಂದರೆಗಳು ಉಳಿದ ಕಾಯಿಲೆಗಳ ರಾಶಿಯಲ್ಲಿ ಕಳೆದುಹೋಗದೆ ಒಂದೇ ಕಡೆ ಲೆಕ್ಕಕ್ಕೆ ಸಿಗುತ್ತವೆ. ನಮ್ಮ ಅಜ್ಜಿಯರ ಕಾಲದಲ್ಲಿ ಬಾಣಂತಿ ನಂಜೆಂದು ಎಲ್ಲವನ್ನೂ ಒಂದೇ ಹೆಸರಲ್ಲಿ ಕಟ್ಟಿಡುತ್ತಿದ್ದ ನಾಡಿನವರಿಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ.

ಮಾತ್ರೆಯಿಂದಲೇ ಹುಟ್ಟುವ ತಲೆನೋವೂ ಇದೆ. ಪ್ಯಾರಸಿಟಮಾಲ್‌ನಂಥ ಸರಳ ಮಾತ್ರೆಯನ್ನು ತಿಂಗಳಿಗೆ 15 ದಿನ, ಮೈಗ್ರೇನ್‌ಗೆ ಕೊಡುವ ಟ್ರಿಪ್ಟಾನ್ ಅಥವಾ ಮಿಶ್ರ ಮಾತ್ರೆಗಳನ್ನು 10 ದಿನ, ಹೀಗೆ ಮೂರು ತಿಂಗಳು ದಾಟಿಸಿದರೆ ನೋವು ನಿವಾರಿಸಬೇಕಾದ ಮಾತ್ರೆಯೇ ನೋವನ್ನು ಉಳಿಸತೊಡಗುತ್ತದೆ. ಅದಕ್ಕೆ ಜಿ44.4. ಅದರೊಂದಿಗೆ ಯಾವ ಔಷಧ ಎಂಬುದನ್ನೂ ಬೇರೆ ಕೋಡಿನಲ್ಲಿ ಹೇಳಬೇಕು. ಪ್ಯಾರಸಿಟಮಾಲ್ ಆದರೆ ಟಿ39.1ಎಕ್ಸ್5ಎ. ಅದರೊಳಗಿನ 5 ಎಂದರೆ ಸರಿಯಾಗಿ ಕೊಟ್ಟ ಔಷಧದ ದುಷ್ಪರಿಣಾಮ. ಆ ಜಾಗದಲ್ಲಿ 6 ಬಂದರೆ, ತೆಗೆದುಕೊಳ್ಳಬೇಕಾದಷ್ಟು ತೆಗೆದುಕೊಂಡಿಲ್ಲ ಎಂದರ್ಥ. ಏಕೆ ತೆಗೆದುಕೊಳ್ಳಲಿಲ್ಲ ಎಂದು ಹೇಳಲೂ ಕೋಡ್‌ಗಳಿವೆ. ಝಡ್91.120 ಎಂಬುದು ಹೇಳುವುದಿಷ್ಟು: ಹಣದ ಅಡಚಣೆಯಿಂದ ರೋಗಿ ತಿಳಿದೂ ತಿಳಿದೂ ಔಷಧ ಕಡಿಮೆ ಮಾಡಿಕೊಂಡಿದ್ದಾರೆ. ಆ ಎಪ್ಪತ್ತು ಸಾವಿರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು ಇದು. ಮೈಗ್ರೇನ್ ಹತೋಟಿಗೆ ಬಂದಿಲ್ಲ ಎಂಬುದು ಔಷಧದ ಸೋಲಲ್ಲ, ಜೇಬಿನ ಸೋಲು ಎಂದು ದಾಖಲೆಯಲ್ಲಿ ಹೇಳುವ ದಾರಿ ಅದು. ವೈದ್ಯರು ಕೇಳಿ ಬರೆದಿದ್ದರೆ ಮಾತ್ರ.

ಬರೆಯದಿದ್ದರೆ ಕೋಡರ್ ವೈದ್ಯರಿಗೆ ಪ್ರಶ್ನೆ ಕಳಿಸಬಹುದು. ಈ ವೃತ್ತಿಯಲ್ಲಿ ಇದಕ್ಕೆ ಕ್ವೆರಿ ಎನ್ನುತ್ತಾರೆ. ಅದನ್ನು ಕೇಳುವುದಕ್ಕೂ ಮರ್ಯಾದೆಯಿದೆ. ‘ಇದು ಬಗ್ಗದ ಮೈಗ್ರೇನ್ ಎಂದು ಬರೆಯಬಹುದೇ?’ ಎಂದು ಕೇಳುವಂತಿಲ್ಲ. ಅದು ಉತ್ತರವನ್ನು ಬಾಯಿಗೆ ತುರುಕಿದ ಹಾಗೆ. ‘ರೋಗಿ ಎರಡು ತಡೆ ಔಷಧಗಳನ್ನು ತೆಗೆದುಕೊಂಡೂ ವಾರಕ್ಕೆ ನಾಲ್ಕು ದಿನ ನೋವಿದೆ ಎಂದು ಬರೆದಿದ್ದೀರಿ. ದಯವಿಟ್ಟು ತಲೆನೋವಿನ ಬಗೆಯನ್ನೂ ಚಿಕಿತ್ಸೆಗೆ ಅದರ ಪ್ರತಿಕ್ರಿಯೆಯನ್ನೂ ಸ್ಪಷ್ಟಪಡಿಸುವಿರಾ?’ ಎಂದು ಚಾರ್ಟಿನಲ್ಲಿರುವ ಸಂಗತಿಗಳನ್ನೇ ಮುಂದಿಟ್ಟು ಕೇಳಬೇಕು. ‘ಹೇಳಲಾಗದು’ ಎಂಬ ಉತ್ತರಕ್ಕೂ ಜಾಗ ಬಿಟ್ಟಿರಬೇಕು. ದಿನಕ್ಕಿಷ್ಟು ಚಾರ್ಟ್ ಮುಗಿಸಬೇಕೆಂಬ ಗುರಿ ತಲೆಯ ಮೇಲಿರುವಾಗ, ಒಂದು ಕ್ವೆರಿ ಬರೆದು ಉತ್ತರಕ್ಕೆ ಕಾಯುವುದು ಸುಲಭವಲ್ಲ. ಚೆನ್ನೈ, ಹೈದರಾಬಾದ್, ಬೆಂಗಳೂರುಗಳಲ್ಲಿ ಈ ಕೆಲಸದಲ್ಲಿರುವ ಜೀವಶಾಸ್ತ್ರ, ಫಾರ್ಮಸಿ, ನರ್ಸಿಂಗ್, ಫಿಸಿಯೋಥೆರಪಿ ಓದಿದ ಸಾವಿರಾರು ಯುವಕ-ಯುವತಿಯರಲ್ಲಿ ಆ ಕಾಯುವಿಕೆಯನ್ನು ಆರಿಸಿಕೊಳ್ಳುವವರಿದ್ದಾರೆ. ತಾವೆಂದೂ ನೋಡದ, ಹೆಸರೂ ತಿಳಿಯದ ಒಬ್ಬರ ತಲೆನೋವಿಗೆ ಅವರು ಕೊಡುವ ಈ ಗೌರವವನ್ನು ನಮ್ಮ ಊರುಗಳಲ್ಲಿ ‘ಡೇಟಾ ಎಂಟ್ರಿ ಕೆಲಸ’ ಎಂದು ಕರೆಯುತ್ತಾರೆ. ಹಾಗೆ ಕರೆಯಬಾರದು.

ಇನ್ನು ನಮ್ಮ ತಲೆನೋವು. ಭಾರತದ ಆಸ್ಪತ್ರೆಗಳು ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10. ಅದರಲ್ಲಿ ಅಮೆರಿಕದ ಉದ್ದನೆಯ ಬಾಲವಿಲ್ಲ. ಆರಾ ಇಲ್ಲದ ಮೈಗ್ರೇನ್ ಜಿ43.0, ಇರುವುದು ಜಿ43.1, ಟೆನ್ಷನ್ ಬಗೆ ಜಿ44.2, ಬರೀ ತಲೆನೋವು ಆರ್51. ದೀರ್ಘಕಾಲಿಕ ಮೈಗ್ರೇನ್‌ಗೆ ಪ್ರತ್ಯೇಕ ಸ್ಥಾನವೇ ಇಲ್ಲ. 2022ರ ಜನವರಿ 1ರಿಂದ ಜಾರಿಗೆ ಬಂದ ಐಸಿಡಿ-11ರಲ್ಲಿ ಅದಕ್ಕೆ 8ಎ80.2 ಸಿಕ್ಕಿದೆ. ನಗದುರಹಿತ ವಿಮೆಯ ಅರ್ಜಿಯಲ್ಲಿ ಐಸಿಡಿ ಕೋಡಿಗೆ ಒಂದು ಖಾನೆ ಇದೆ; ಆಸ್ಪತ್ರೆಯ ದಾಖಲೆ ವಿಭಾಗದವರು ಅದನ್ನು ತುಂಬುತ್ತಾರೆ. ಆದರೆ ತಲೆನೋವಿಗೆಂದು ವಾರ್ಡ್ ಸೇರುವವರು ಎಷ್ಟು ಜನ? ಬಹುಪಾಲು ಜನ ಕ್ಲಿನಿಕ್ಕಿಗೆ ಹೋಗಿ ಚೀಟಿ ಬರೆಸಿಕೊಂಡು ಬರುತ್ತಾರೆ. ಅದಕ್ಕೂ ಹೆಚ್ಚು ಜನ ಮೆಡಿಕಲ್ ಶಾಪಿನಿಂದ ಒಂದು ಸ್ಟ್ರಿಪ್ ತಂದು ಕೆಲಸಕ್ಕೆ ಹೋಗುತ್ತಾರೆ. ಆ ನೋವಿಗೆ ಯಾವ ಕೋಡೂ ಹತ್ತುವುದಿಲ್ಲ, ಯಾವ ಲೆಕ್ಕಕ್ಕೂ ಅದು ಬರುವುದಿಲ್ಲ.

ಆ ನೋವು ಎಷ್ಟಿದೆ ಎಂದು ತಿಳಿಯಲು ಮನೆಮನೆಗೆ ಹೋಗಬೇಕಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು, ತಲೆನೋವಿನ ಜಾಗತಿಕ ಅಭಿಯಾನವೊಂದರ ಜೊತೆ ಸೇರಿ, ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದ 2,329 ಜನರನ್ನು ಬಾಗಿಲಲ್ಲಿ ಭೇಟಿಯಾಗಿ, ಅಂತರರಾಷ್ಟ್ರೀಯ ವರ್ಗೀಕರಣದ ಪ್ರಶ್ನೆಗಳನ್ನೇ ಕೇಳಿದರು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದವರು ಶೇ 63.9. ಮೈಗ್ರೇನ್ ಶೇ 25.2, ಅಂದರೆ ನಾಲ್ವರಲ್ಲಿ ಒಬ್ಬರಿಗೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಮೈಗ್ರೇನ್ ಎಂದರೆ ಎಸಿ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತವರ ಕಾಯಿಲೆ ಎಂದುಕೊಂಡಿದ್ದವರಿಗೆ ಈ ಕೊನೆಯ ಸಂಗತಿ ಆಶ್ಚರ್ಯ ತರಬಹುದು. ರಾಗಿ ಹೊಲದಲ್ಲಿ ಬಿಸಿಲಿಗೆ ಬಗ್ಗಿ ಕಳೆ ಕೀಳುವ ಹೆಂಗಸು ಸಂಜೆ ಸೆರಗನ್ನು ತಲೆಗೆ ಬಿಗಿದು ಕತ್ತಲ ಕೋಣೆಯಲ್ಲಿ ಮಲಗುವುದು, ವಾಂತಿಯಾದರೆ ಪಿತ್ತವೆಂದು ಸುಮ್ಮನಾಗುವುದು, ಇವೆಲ್ಲ ಯಾವ ದಾಖಲೆಯಲ್ಲೂ ಇರಲಿಲ್ಲ. ಸರಿಯಾದ ಪ್ರಶ್ನೆ ಕೇಳಿದ ಮೇಲೆ ಬಂತು.

ಕೇಳುವ ಬಗೆಯೇ ಎಲ್ಲಕ್ಕೂ ಮೂಲ. ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರು, ‘ಅಮ್ಮಾ, ತಿಂಗಳಿಗೆ ಎಷ್ಟು ದಿನ ನೋವು ಬರುತ್ತೆ?’ ಎಂದರೆ, ‘ಅದೇನ್ ಬಿಡಿ ಡಾಕ್ಟ್ರೇ, ಯಾವಾಗ್ಲೂ ಇರುತ್ತೆ’ ಎಂಬ ಉತ್ತರ ಸಿಗುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ‘ನೋವೇ ಇಲ್ಲದ ದಿನ ಎಷ್ಟು? ತಲೆ ಪೂರಾ ಹಗುರ ಇತ್ತು ಅನ್ನೋ ದಿನ?’ ಎಂದು ತಿರುಗಿಸಿ ಕೇಳಿದಾಗ ಆಕೆ ನಿಂತು ಯೋಚಿಸುತ್ತಾರೆ. ‘ವಾರಕ್ಕೆ ಎರಡು ದಿನ ಇರ್ಬೋದು.’ ಅಲ್ಲಿಗೆ ತಿಂಗಳಿಗೆ ಇಪ್ಪತ್ತು ದಿನಕ್ಕೂ ಹೆಚ್ಚು ನೋವು ಎಂದಾಯಿತು. ತೀವ್ರ ನೋವಿನ ದಿನಗಳನ್ನಷ್ಟೇ ಎಣಿಸಿ ಹೇಳುವುದು, ಸಣ್ಣ ನೋವನ್ನು ನೋವೆಂದೇ ಲೆಕ್ಕಿಸದಿರುವುದು ಎಲ್ಲರ ಅಭ್ಯಾಸ. ‘ಸೈನಸ್’ ಎಂದು ತಾವೇ ಹೆಸರಿಟ್ಟುಕೊಂಡು ಬರುವವರೂ ಬಹಳ. ಮೂಗು ಕಟ್ಟುವುದು, ಕಣ್ಣಲ್ಲಿ ನೀರು ಬರುವುದು ಮೈಗ್ರೇನಿನಲ್ಲೂ ಉಂಟು.

ಕೆಲವು ತಲೆನೋವುಗಳಿಗೆ ಲೆಕ್ಕ ಇಡುತ್ತ ಕೂರುವ ಸಮಯವಿಲ್ಲ ಎಂಬುದನ್ನೂ ಹೇಳಲೇಬೇಕು. ಒಂದೇ ನಿಮಿಷದಲ್ಲಿ ತುದಿ ಮುಟ್ಟುವ, ಬದುಕಿನಲ್ಲೇ ಕಂಡಿರದಂಥ ನೋವು. ಜ್ವರದೊಂದಿಗೆ ಕುತ್ತಿಗೆ ಬಿಗಿತ. ಕೈಕಾಲು ಸೋಲುವುದು, ಮಾತು ತೊದಲುವುದು. ತಲೆಗೆ ಪೆಟ್ಟು ಬಿದ್ದ ನಂತರದ್ದು. ಬಸುರಿ-ಬಾಣಂತಿಯರಲ್ಲಿ ಹೊಸದಾಗಿ ಬಂದದ್ದು. ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಶುರುವಾದದ್ದು. ಇವಕ್ಕೆ ತಕ್ಷಣ ಆಸ್ಪತ್ರೆ. ಐವತ್ತರ ನಂತರದ ನೋವಿನ ಹಿಂದೆ ಕೆಲವೊಮ್ಮೆ ಕಣತೆಯ ರಕ್ತನಾಳದ ಉರಿಯೂತವಿರುತ್ತದೆ. ತಡಮಾಡಿದರೆ ಕಣ್ಣೇ ಹೋಗಬಹುದು. ಅದನ್ನು ಖಚಿತಪಡಿಸುವ ಮುನ್ನ ರಕ್ತಪರೀಕ್ಷೆಗೆ ಕಳಿಸುವಾಗ ಚೀಟಿಯ ಮೇಲೆ ‘ತಲೆನೋವು’ ಎಂದಷ್ಟೇ ಇದ್ದರೆ ತಪ್ಪೇನಿಲ್ಲ. ಪರೀಕ್ಷೆ ಏಕೆ ಬೇಕೆನ್ನಲು ಆ ಲಕ್ಷಣವೇ ಸಾಕು. ಇನ್ನೂ ಸಾಬೀತಾಗದ ಕಾಯಿಲೆಯನ್ನು ಅದಕ್ಕೆಂದು ಬರೆಯಬೇಕಾಗಿಲ್ಲ.

ಉಳಿದವರೆಲ್ಲ ಮಾಡಬಹುದಾದ ಒಂದು ಕೆಲಸವಿದೆ. ಗೋಡೆಯ ಕ್ಯಾಲೆಂಡರ್ ಇದ್ದರೆ ಸಾಕು. ನೋವು ಬಂದ ದಿನಕ್ಕೆ ಒಂದು ಗುರುತು. ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಹೊತ್ತಿತ್ತು, ಎಡವೋ ಬಲವೋ, ವಾಂತಿಯಾಯಿತೇ, ಕಣ್ಣ ಮುಂದೆ ಏನಾದರೂ ಮಿನುಗಿತೇ, ಕೆಲಸ ಬಿಟ್ಟು ಮಲಗಬೇಕಾಯಿತೇ. ಹೆಂಗಸರು ಮುಟ್ಟಿನ ದಿನಗಳನ್ನೂ ಗುರುತಿಸಿಟ್ಟರೆ ಒಳ್ಳೆಯದು. ಅದರ ಜೊತೆಗೇ ಬರುವ ಮೈಗ್ರೇನ್ ಬೇರೆ ಬಗೆಯದು, ಅಮೆರಿಕದ ಪಟ್ಟಿಯಲ್ಲಿ ಅದಕ್ಕೆ ಜಿ43.82, ಜಿ43.83 ಎಂಬ ಸ್ವಂತ ಸಾಲುಗಳಿವೆ. ನುಂಗಿದ ಮಾತ್ರೆಯ ಹೆಸರು ಮತ್ತು ಎಷ್ಟು ಎಂಬುದನ್ನು ತಪ್ಪದೆ ಬರೆಯಿರಿ, ಅಂಗಡಿಯಲ್ಲಿ ಕೇಳಿ ತಂದದ್ದನ್ನೂ ಪಕ್ಕದ ಮನೆಯವರು ಕೊಟ್ಟದ್ದನ್ನೂ ಸೇರಿಸಿ. ಮೂರು ತಿಂಗಳ ಆ ಹಾಳೆಗಳನ್ನು ಹರಿದುಕೊಂಡು ವೈದ್ಯರ ಬಳಿ ಹೋಗಿ. ಅವರು ಬರೆಯತೊಡಗುವ ಮುಂಚೆ ಮೇಜಿನ ಮೇಲಿಡಿ.